ಜಾರ್ಜ್ ಪೆರೆಸ್ ಸ್ಯಾಂಡರ್ಸನ್

ಜಾರ್ಜ್ ಪೆರೆಸ್ ಸ್ಯಾಂಡರ್ಸನ್ (1848–1892) ಮೈಸೂರು ಸಂಸ್ಥಾನದಲ್ಲಿ ಖೆಡ್ಡಾ ವಿಧಾನದಿಂದ ಕಾಡಾನೆಗಳನ್ನು ಹಿಡಿಸಿದ ಬ್ರಿಟಿಷ್ ಅಧಿಕಾರಿ, ಬೇಟೆಗಾರ ಹಾಗೂ ಲೇಖಕ. ಕನ್ನಡ ನಿಘಂಟನ್ನು ಪರಿಷ್ಕರಿಸಿದ ಮಿಷನರಿ ಡೇನಿಯಲ್ ಸ್ಯಾಂಡರ್ಸನ್ ಇವರ ತಂದೆ. 1864ರಲ್ಲಿ ಭಾರತಕ್ಕೆ ಬಂದ ಇವರು ಮುಂದೆ ಚಾಮರಾಜನಗರ ಪ್ರದೇಶದ ಕಾಲುವೆಗಳ ಮೇಲ್ವಿಚಾರಣೆ ವಹಿಸಿಕೊಂಡರು.

ಬಂದೂಕು ಮತ್ತು ಗುಂಡು

ಆಗಿನ್ನೂ ಹೊಗೆರಹಿತ ಮದ್ದು ಬಳಕೆಗೆ ಬಂದಿರಲಿಲ್ಲ. ಕಪ್ಪುಮದ್ದು ಗುಂಡಿಗೆ ಕೊಡುವ ವೇಗ ಸೀಮಿತವಾದುದರಿಂದ ದೊಡ್ಡ ಪ್ರಾಣಿಗಳಿಗೆ ಗುಂಡಿನ ತೂಕವನ್ನೇ ನೆಚ್ಚಬೇಕಾಗಿತ್ತು. ಸ್ಯಾಂಡರ್ಸನ್ ಆನೆಬೇಟೆಗೆ 4 ಬೋರಿನ, ಅಂದರೆ ಒಂದು ಪೌಂಡ್ ಸೀಸಕ್ಕೆ ನಾಲ್ಕು ದುಂಡುಗುಂಡುಗಳಾಗುವ ಅಳತೆಯ, ಭಾರಿ ಬಂದೂಕನ್ನು ಬಳಸಿದರು. ಅದೇ ಕಾಲದ ಸಣ್ಣ ಬೋರಿನ ರೈಫಲುಗಳಲ್ಲಿ, ನಳಿಗೆಯ ಒಳಮೈಗೆ ಸೀಸ ಅಂಟದಂತೆ ಉದ್ದನೆಯ ಗುಂಡಿಗೆ ತೆಳುಕಾಗದ ಸುತ್ತುವ ಪದ್ಧತಿಯಿತ್ತು. ಜಿಂಕೆಗೆ ಸಾಕಾಗುತ್ತಿದ್ದ ಅಂತಹ ಹಗುರ ಗುಂಡು ಆನೆಯ ತಲೆಬುರುಡೆಯನ್ನು ಭೇದಿಸಿ ಮಿದುಳನ್ನು ತಲುಪುವುದು ಕಷ್ಟ. ಗುರಿ ತಪ್ಪಿದರೆ ಗಾಯಗೊಂಡ ಆನೆ ಬೇಟೆಗಾರನ ಮೇಲೆಯೇ ಎರಗುವ ಅಪಾಯವಿತ್ತು.

ಖೆಡ್ಡಾ

ಬೆಳೆಗೆ ನುಗ್ಗುವ ಆನೆಗಳನ್ನು ಹಿಡಿದು ಪಳಗಿಸುವ ಕಾರ್ಯವನ್ನು 1873ರಲ್ಲಿ ಆರಂಭಿಸಿದರು. ಮೊದಲ ಯತ್ನ ವಿಫಲವಾದರೂ 1874ರಲ್ಲಿ ಚಾಮರಾಜನಗರದ ಬಳಿ 50ಕ್ಕೂ ಹೆಚ್ಚು ಆನೆಗಳು ಸೆರೆಯಾದವು. ಈ ಅನುಭವಗಳನ್ನೊಳಗೊಂಡ ಇವರ ಇಂಗ್ಲಿಷ್ ಗ್ರಂಥವು 1878ರಲ್ಲಿ ಪ್ರಕಟವಾಯಿತು. 1892ರಲ್ಲಿ ಮದ್ರಾಸಿನಲ್ಲಿ ನಿಧನರಾದರು.