ಷೇಕ್ಸ್‌ಪಿಯರ್ ಬಾಳಿದ ಮರದ ಮನೆಗಳು

ಇಂಗ್ಲಿಷ್ ತರಗತಿಯಲ್ಲಿ ವಿಲಿಯಂ ಷೇಕ್ಸ್‌ಪಿಯರ್ ಅವರ ಹೆಸರು ಕೇಳದವರು ನಮ್ಮಲ್ಲಿ ಯಾರೂ ಇಲ್ಲ. ಆದರೆ ಅವರು ಹುಟ್ಟಿ ಬೆಳೆದ ಮನೆ ಎಂಥದ್ದು, ಅದು ಇಂದಿಗೂ ಹೇಗೆ ಉಳಿಯಿತು ಎಂಬುದು ಹೆಚ್ಚು ಮಂದಿಗೆ ತಿಳಿದಿಲ್ಲ.

ಇಂಗ್ಲೆಂಡಿನ ಸ್ಟ್ರಾಟ್‌ಫರ್ಡ್ ಅಪಾನ್ ಏವನ್ ಎಂಬ ಸಣ್ಣ ಪೇಟೆಯ ಹೆನ್ಲಿ ಬೀದಿಯಲ್ಲಿ 1564ರ ಏಪ್ರಿಲ್ ತಿಂಗಳಲ್ಲಿ ಅವರ ಜನನ. ತಂದೆ ಜಾನ್ ಚರ್ಮದ ಕೈಗವಸು ಮಾಡುವ ಕಸುಬಿನವರು. ಮನೆಯ ಒಂದು ಭಾಗದಲ್ಲೇ ಅವರ ಕೆಲಸ ನಡೆಯುತ್ತಿತ್ತು. ಆ ಕಾಲದ ಪೇಟೆ ಮನೆಗಳಲ್ಲಿ ಹೆಚ್ಚಿನವು ಮರದ ಚೌಕಟ್ಟಿನವು. ಕಲ್ಲಿನ ತಳದ ಮೇಲೆ ಓಕ್ ಮರದ ಕಂಬ, ತೊಲೆಗಳನ್ನು ನಿಲ್ಲಿಸಿ, ಒಂದರ ತುದಿಯನ್ನು ಇನ್ನೊಂದರ ತೂತಿನಲ್ಲಿ ಕೂರಿಸಿ, ಮರದ ಗೂಟ ಬಡಿದು ಬಿಗಿಯುತ್ತಿದ್ದರು. ಕಂಬಗಳ ನಡುವೆ ಕಡ್ಡಿಗಳನ್ನು ತಡಿಕೆಯಂತೆ ಹೆಣೆದು ಮಣ್ಣು ಮೆತ್ತುತ್ತಿದ್ದರು. ಮನೆಯ ಭಾರ ಹೊರುವುದು ಈ ಮಣ್ಣಿನ ಗೋಡೆಯಲ್ಲ, ಮರದ ಚೌಕಟ್ಟು.

ವಿಲಿಯಂ 18ನೇ ವಯಸ್ಸಿನಲ್ಲಿ ಆ್ಯನ್ ಹ್ಯಾಥವೇ ಅವರನ್ನು ಮದುವೆಯಾದರು. ಮೂವರು ಮಕ್ಕಳಾದರು. ಮುಂದೆ ಲಂಡನ್ನಿಗೆ ಹೋಗಿ ನಟರಾಗಿ, ನಾಟಕಕಾರರಾಗಿ ಹೆಸರು ಮಾಡಿದರು. 1596ರಲ್ಲಿ ಒಬ್ಬನೇ ಮಗ ಹ್ಯಾಮ್ನೆಟ್ 11ನೇ ವಯಸ್ಸಿನಲ್ಲಿ ತೀರಿಕೊಂಡ. ಮರುವರ್ಷ ಅವರು ಹುಟ್ಟೂರಿನಲ್ಲಿ ನ್ಯೂ ಪ್ಲೇಸ್ ಎಂಬ ದೊಡ್ಡ ಮನೆಯನ್ನು ಕೊಂಡರು.

ಅದೇ ಸಮಯದಲ್ಲಿ ಲಂಡನ್ನಿನಲ್ಲಿ ಅವರ ತಂಡಕ್ಕೆ ಸಂಕಟ ಬಂತು. ನಾಟಕಶಾಲೆಯಿದ್ದ ಜಾಗದ ಗುತ್ತಿಗೆ ಮುಗಿದು, ಒಡೆಯನೊಡನೆ ತಕರಾರು ಎದ್ದಿತು. 1598ರ ಡಿಸೆಂಬರಿನಲ್ಲಿ ತಂಡದವರು ಬಡಗಿಗಳನ್ನು ಕರೆದೊಯ್ದು ಇಡೀ ಕಟ್ಟಡವನ್ನು ಬಿಚ್ಚಿಸಿದರು. ಜೋಡಿಸಿದ್ದನ್ನು ಬಿಚ್ಚಬಹುದು ಎಂಬುದೇ ಮರದ ಚೌಕಟ್ಟಿನ ದೊಡ್ಡ ಅನುಕೂಲ. ಆ ಮರಗಳನ್ನು ಥೇಮ್ಸ್ ನದಿಯ ದಕ್ಷಿಣ ದಡಕ್ಕೆ ಸಾಗಿಸಿ, 1599ರಲ್ಲಿ ಗ್ಲೋಬ್ ನಾಟಕಶಾಲೆಯನ್ನು ಕಟ್ಟಿದರು. 1613ರಲ್ಲಿ ನಾಟಕದ ನಡುವೆ ಹಾರಿಸಿದ ಫಿರಂಗಿಯ ಕಿಡಿ ಹುಲ್ಲಿನ ಚಾವಣಿಗೆ ತಗುಲಿ ಅದು ಸುಟ್ಟುಹೋಯಿತು. ಮೂರು ವರ್ಷಗಳ ನಂತರ, 1616ರ ಏಪ್ರಿಲ್ 23ರಂದು, ಷೇಕ್ಸ್‌ಪಿಯರ್ ಸ್ಟ್ರಾಟ್‌ಫರ್ಡಿನಲ್ಲಿ ನಿಧನರಾದರು.

ಅವರು ಹಣ ಕೊಟ್ಟು ಕೊಂಡ ನ್ಯೂ ಪ್ಲೇಸ್ ಮನೆಯನ್ನು 1702ರ ಸುಮಾರಿಗೆ ಬದಲಿಸಿ ಹೊಸದಾಗಿ ಕಟ್ಟಿದರು. ಆ ಹೊಸ ಕಟ್ಟಡವನ್ನೂ 1759ರಲ್ಲಿ ಅದರ ಮಾಲೀಕರೇ ಕೆಡವಿಸಿದರು. ಈಗ ಅಲ್ಲಿರುವುದು ತೋಟ. ಹೆನ್ಲಿ ಬೀದಿಯ ಮನೆಯ ಕಥೆ ಬೇರೆ. ಅದರ ಒಂದು ಭಾಗದಲ್ಲಿ ತಂಗಿ ಜೋನ್ ಅವರ ಸಂತತಿ ತಲೆಮಾರುಗಳ ಕಾಲ ಬಾಳಿತು. ಇನ್ನೊಂದು ಭಾಗ ಪ್ರಯಾಣಿಕರು ತಂಗುವ ಛತ್ರವಾಯಿತು. ಒಂದು ಕಾಲಕ್ಕೆ ಮಾಂಸದ ಅಂಗಡಿಯೂ ಅಲ್ಲಿತ್ತು. 1847ರಲ್ಲಿ ಮನೆ ಹರಾಜಿಗೆ ಬಂದಾಗ ಜನರು ಚಂದಾ ಎತ್ತಿ 3,000 ಪೌಂಡಿಗೆ ಅದನ್ನು ಉಳಿಸಿಕೊಂಡರು. ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಕೂಡ ಇದಕ್ಕಾಗಿ ಶ್ರಮಿಸಿದರು. ಬೆಂಕಿ ಹರಡಬಾರದೆಂದು ಅಕ್ಕಪಕ್ಕದ ಮನೆಗಳನ್ನು ತೆಗೆಸಿ, ಹಾಳಾದ ಭಾಗಗಳನ್ನು ದುರಸ್ತಿ ಮಾಡಿಸಿದರು.

ಹೀಗೆ ಉಳಿದದ್ದು ಊರಿನ ದೊಡ್ಡ ಮನೆಯಲ್ಲ, ಕೈಗವಸು ಮಾಡುವವರ ಮನೆ. ಅದರಲ್ಲಿ ಜನ ಬಾಳಿದರು, ದುರಸ್ತಿ ಮಾಡಿದರು, ಮಾರಾಟಕ್ಕೆ ಬಂದಾಗ ಕೈಜೋಡಿಸಿದರು. ಹಳೆಯದನ್ನು ಉಳಿಸಿಕೊಳ್ಳಲು ಬೇಕಾದದ್ದು ಇಷ್ಟೇ ಅಲ್ಲವೇ?