ಗಂಜಿ ಕೊಟ್ಟ ಕೈ

ಸುಗ್ಗಿ ಮುಗಿದ ಮೇಲೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಬಸ್ ನಿಲ್ದಾಣಗಳಲ್ಲಿ ಗಂಟುಮೂಟೆ ಕಟ್ಟಿಕೊಂಡು ಗೋವೆಗೆ ದುಡಿಯಲು ಹೊರಟ ಕುಟುಂಬಗಳನ್ನು ನಾವೆಲ್ಲ ಕಂಡಿದ್ದೇವೆ. ಅಲ್ಲಿಯ ಮಾತು ಬೇರೆ, ಊಟ ಬೇರೆ. ಕಾಯಿಲೆ ಬಿದ್ದರೆ ಕೇಳುವವರು ಯಾರೆಂಬ ಚಿಂತೆ ಬೇರೆ. ಮುನ್ನೂರು ವರ್ಷಗಳಿಗೂ ಹಿಂದೆ ಅದೇ ಗೋವೆಯ ಯುವ ಗುರುವೊಬ್ಬರು ಕೂಲಿಯಾಳಿನ ಬಟ್ಟೆ ತೊಟ್ಟು ಪರನಾಡಿಗೆ ಹೋದರು. ಅವರೇ ಸಂತ ಜೋಸೆಫ್ ವಾಜ್.

ಅವರು ಹುಟ್ಟಿದ್ದು 1651ರ ಏಪ್ರಿಲ್ 21ರಂದು, ದಕ್ಷಿಣ ಗೋವೆಯ ಬಾಣಾವಲಿಯಲ್ಲಿ. 1676ರಲ್ಲಿ ಗುರುದೀಕ್ಷೆ ಪಡೆದರು. ಮರುವರ್ಷ ಸಾಂಕೋಳೆಯಲ್ಲಿ ತಮ್ಮನ್ನು ಮಾತೆ ಮರಿಯಮ್ಮನವರ ಗುಲಾಮನೆಂದು ಬರೆದು ಅರ್ಪಿಸಿಕೊಂಡರು. ನಮ್ಮ ಜನ ಕೂಲಿಗೆ ಹೋಗುವ ವಾಸ್ಕೋ ಪಟ್ಟಣಕ್ಕೆ ಈ ಸಾಂಕೋಳೆ ಹತ್ತಿರವೇ ಇದೆ. 1681ರಿಂದ 1684ರವರೆಗೆ ಅವರು ಕೆಳದಿ ಅರಸರ ಆಳ್ವಿಕೆಯಲ್ಲಿದ್ದ ಕೆನರಾ ಕರಾವಳಿಯಲ್ಲಿ ಸೇವೆ ಮಾಡಿದರು. ಅಲ್ಲಿಯ ಧರ್ಮಸಭೆ ಆಗ ಅಧಿಕಾರದ ಜಗಳದಿಂದ ಎರಡಾಗಿ ಒಡೆದಿತ್ತು. ಯಾರನ್ನೂ ಹಗೆ ಮಾಡಿಕೊಳ್ಳದೆ ಅವರು ವಿಶ್ವಾಸಿಗಳನ್ನು ಒಂದುಗೂಡಿಸಲು ಶ್ರಮಿಸಿದರು. ಮುಡಿಪು ಇಂದಿಗೂ ಅವರ ಹೆಸರಿನ ಪುಣ್ಯಕ್ಷೇತ್ರ.

ಆದರೆ ಅವರ ಮನಸ್ಸು ಶ್ರೀಲಂಕೆಯ ಕಡೆಗಿತ್ತು. ಅಲ್ಲಿಯ ಕರಾವಳಿಯನ್ನು ಪೋರ್ಚುಗೀಸರಿಂದ ಕಸಿದುಕೊಂಡಿದ್ದ ಡಚ್ಚರು ಕಥೋಲಿಕ ಗುರುಗಳನ್ನು ಹೊರಹಾಕಿದ್ದರು. ಗುರುಗಳಿಗೆ ಆಶ್ರಯ ಕೊಟ್ಟವರಿಗೂ ಕಠಿಣ ಶಿಕ್ಷೆ ಕಾದಿತ್ತು. ದಿವ್ಯಬಲಿಪೂಜೆಯಿಲ್ಲ, ಪಾಪನಿವೇದನೆಯಿಲ್ಲ. ಹೀಗೆ ಸುಮಾರು ಮೂವತ್ತು ವರ್ಷ ಅಲ್ಲಿಯ ಜನ ಮನೆಯೊಳಗೇ ವಿಶ್ವಾಸವನ್ನು ಉಳಿಸಿಕೊಂಡಿದ್ದರು. 1686ರಲ್ಲಿ, ಅಂದರೆ ನಮ್ಮ ವಿಜಾಪುರದ ಆದಿಲಶಾಹಿ ಔರಂಗಜೇಬನ ಸೈನ್ಯಕ್ಕೆ ಸೋತ ವರ್ಷವೇ, ವಾಜ್ ಅವರು ಜಾನ್ ಎಂಬ ಸೇವಕನೊಡನೆ ಗೋವೆಯನ್ನು ಬಿಟ್ಟರು. 1687ರಲ್ಲಿ ಲಂಕೆ ಮುಟ್ಟಿದರು. ಆಗ ಅವರಿಗೆ 36 ವರ್ಷ.

ಪರದೇಶದಲ್ಲಿ ಅವರ ಮೊದಲ ಅನುಭವ ಪ್ರಸಂಗ ಮಾಡುವುದಲ್ಲ, ಹಾಸಿಗೆ ಹಿಡಿಯುವುದು. ಯಾಫ್ನಾದಲ್ಲಿ ರಕ್ತಭೇದಿಯಿಂದ ನೆಲಕ್ಕೆ ಬಿದ್ದರು. ಅಂಟುರೋಗಕ್ಕೆ ಹೆದರಿ ಜನ ದೂರ ಸರಿದರು. ನೋಡಿಕೊಳ್ಳಬೇಕಾದ ಜಾನ್‌ನೂ ಕಾಯಿಲೆ ಬಿದ್ದ. ಆಗ ಒಬ್ಬ ಬಡ ಹೆಂಗಸು ಅವರಿಗೆ ಗಂಜಿ ತಂದು ಕೊಟ್ಟಳು. ಇಬ್ಬರೂ ಬದುಕಿಕೊಂಡರು.

ಮೈಯಲ್ಲಿ ಬಲ ಬಂದ ಮೇಲೆ ವಾಜ್ ಅವರು ತಮಿಳು ಕಲಿತರು, ಕೊರಳಿಗೆ ದೊಡ್ಡ ಜಪಸರ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋದರು. ಜಪಸರವನ್ನು ಕಂಡು ಯಾರ ಮುಖ ಅರಳುವುದೋ ಎಂದು ಗಮನಿಸುತ್ತಿದ್ದರು. ಹೀಗೆ ಬಚ್ಚಿಟ್ಟುಕೊಂಡಿದ್ದ ವಿಶ್ವಾಸಿಗಳು ಒಬ್ಬೊಬ್ಬರಾಗಿ ಸಿಕ್ಕರು. ಹಗಲು ಭಿಕ್ಷುಕ, ರಾತ್ರಿ ಗುರು. ಬಾಗಿಲು ಹಾಕಿದ ಮನೆಗಳಲ್ಲಿ ಬಲಿಪೂಜೆ ನಡೆಯಿತು. ಒಂದು ಕ್ರಿಸ್ಮಸ್ ರಾತ್ರಿ ಡಚ್ಚರು ದಾಳಿಯಿಟ್ಟು ಅನೇಕ ವಿಶ್ವಾಸಿಗಳನ್ನು ಹಿಡಿದರು. ಗುರುಗಳು ಮಾತ್ರ ಅವರ ಕೈಗೆ ಸಿಗಲಿಲ್ಲ.

ಬಳಿಕ ಅವರು ಬೌದ್ಧ ಅರಸನ ಕ್ಯಾಂಡಿ ರಾಜ್ಯಕ್ಕೆ ಹೋದರು. 1692ರಲ್ಲಿ ಕ್ಯಾಂಡಿ ಪಟ್ಟಣದಲ್ಲಿ ಪೋರ್ಚುಗೀಸರ ಗೂಢಚಾರನೆಂಬ ಸಂಶಯದ ಮೇಲೆ ಅವರನ್ನು ಸೆರೆಗೆ ಹಾಕಲಾಯಿತು. ಜಾನ್ ಅಲ್ಲಿಯೂ ಜೊತೆಗಿದ್ದ. ಸೆರೆಯಲ್ಲಿ ವಾಜ್ ಅವರು ಸಿಂಹಳ ಭಾಷೆ ಕಲಿತರು, ಚಿಕ್ಕದೊಂದು ಪೀಠ ಮಾಡಿಕೊಂಡು ಬಲಿಪೂಜೆ ಅರ್ಪಿಸಿದರು. ಅವರ ಸರಳ ಬಾಳನ್ನು ಕಂಡು ಅರಸ ಎರಡನೆಯ ವಿಮಲಧರ್ಮಸೂರ್ಯನ ಸಂಶಯ ಕರಗಿತು. 1697ರಲ್ಲಿ ಸಿಡುಬು ಹಬ್ಬಿದಾಗ ಮನೆಯವರೇ ರೋಗಿಗಳನ್ನು ಬಿಟ್ಟು ಓಡಿದರು. ವಾಜ್ ಅವರು ತಮ್ಮ ಅಕ್ಕತಂಗಿಯರ ಕಡೆಯ ಬಂಧು ಫಾದರ್ ಜೋಸೆಫ್ ಕಾರ್ವಾಲೊ ಅವರೊಡನೆ, ಜಾತಿ ಮತ ಕೇಳದೆ, ರೋಗಿಗಳಿಗೆ ಉಣಿಸಿದರು, ಮೈ ತೊಳೆದರು, ಸತ್ತವರನ್ನು ಮಣ್ಣು ಮಾಡಿದರು. ಪರನಾಡಿನಲ್ಲಿ ತಾವು ಉಂಡ ಗಂಜಿಯ ಋಣವನ್ನು ಅವರು ತೀರಿಸಿದ್ದು ಹೀಗೆ.

24 ವರ್ಷ ಆ ದ್ವೀಪದಲ್ಲಿ ಸವೆದು, ಧರ್ಮಾಧ್ಯಕ್ಷ ಪದವಿಯನ್ನೂ ಒಲ್ಲೆನೆಂದು, 1711ರ ಜನವರಿ 16ರಂದು ಅವರು ಕ್ಯಾಂಡಿಯಲ್ಲಿ ಪ್ರಭುವಿನಲ್ಲಿ ನಿದ್ರಿಸಿದರು. 1995ರಲ್ಲಿ ಜಗದ್ಗುರು ಎರಡನೇ ಜಾನ್ ಪಾಲರು ಅವರನ್ನು ಪುನೀತರೆಂದೂ, 2015ರ ಜನವರಿ 14ರಂದು ಜಗದ್ಗುರು ಫ್ರಾನ್ಸಿಸರು ಸಂತರೆಂದೂ ಕೊಲಂಬೋದಲ್ಲಿ ಘೋಷಿಸಿದರು.

ದೇವಪುತ್ರರು ಬೋಧನೆಗೆ ಹೊರಡುವ ಮುನ್ನ ನಜರೇತಿನಲ್ಲಿ ಬಹುವರ್ಷ ದುಡಿದು ಉಂಡರು. ಜನರ ನಡುವೆ ಜನರಂತೆ ಬಾಳುವುದೇ ಶುಭಸಂದೇಶದ ಮೊದಲ ಹೆಜ್ಜೆ. ಸಂತ ವಾಜ್ ಅವರೂ ಅದೇ ದಾರಿ ಹಿಡಿದರು.

ಪ್ರಿಯ ವಿಶ್ವಾಸಿಗಳೇ, ನಾವೆಲ್ಲ ಸಮುದ್ರ ದಾಟಿ ಹೋಗಲಾರೆವು. ನಮ್ಮ ಧರ್ಮಕೇಂದ್ರಗಳಲ್ಲಿ ನಾವು ಬೆರಳೆಣಿಕೆಯ ಜನ. ನಮ್ಮಿಂದೇನಾದೀತು ಎಂದು ಕೈಕಟ್ಟಿ ಕೂರುವುದೂ ಉಂಟು. ಯಾಫ್ನಾದ ಆ ಹೆಂಗಸನ್ನು ನೆನೆಯೋಣ. ಆಕೆಯ ಹೆಸರು ನಮಗೆ ತಿಳಿಯದು. ಆಕೆಯೂ ಹೆದರಿ ಬಾಗಿಲು ಹಾಕಿಕೊಂಡಿದ್ದರೆ ಲಂಕೆಯ ಧರ್ಮಸೇವೆ ಆ ದಿನವೇ ನಿಂತುಹೋಗುತ್ತಿತ್ತೇನೋ. ಕಬ್ಬು ಕಡಿಯಲು ಬಂದು ನಮ್ಮ ಊರ ಹೊರಗೆ ಗುಡಿಸಲು ಹಾಕಿಕೊಂಡವರಲ್ಲಿ, ಗೋವೆಯಿಂದ ಜ್ವರ ಹೊತ್ತು ಮರಳಿದವರಲ್ಲಿ ಕ್ರಿಸ್ತರು ಇಂದೂ ನಮ್ಮ ಬಾಗಿಲಿಗೆ ಬರುತ್ತಾರೆ. ಒಂದು ಬಟ್ಟಲು ಗಂಜಿ ನಮ್ಮ ಮನೆಯಲ್ಲಿಯೂ ಇದೆ.