ಎಷ್ಟು ಹೊತ್ತು? ಅಂತ ಕೇಳಿದ ಎಂಜಿನಿಯರ್: ಚಾರ್ಲ್ಸ್ ಕೆಟರಿಂಗ್

ಜೀಪ್ ತಗೊಂಡು ಕಾಡು-ಗುಡ್ಡ ಸುತ್ತೋರು ಈಗ ಅದರಲ್ಲಿ ಒಂದು ಇನ್ವರ್ಟರ್ ಕೂಡ ಕೂರಿಸ್ಕೊಳ್ತಾರೆ. ಗಾಡಿಯ 12 ವೋಲ್ಟ್ ಡಿಸಿ ಕರೆಂಟನ್ನು ಅದು ಮನೆಯಲ್ಲಿ ಬರೋ ಥರದ 230 ವೋಲ್ಟ್ ಎಸಿ ಮಾಡಿಕೊಡುತ್ತೆ. ಲ್ಯಾಪ್‌ಟಾಪ್, ಕ್ಯಾಮೆರಾ ಚಾರ್ಜರ್, ಗಾಡಿ ಕೆಟ್ಟರೆ ಒಂದು ಸಣ್ಣ ಡ್ರಿಲ್ ಮಷೀನ್ ಎಲ್ಲ ನಡೆಯುತ್ತೆ. ಆದರೆ ಡೀಸೆಲ್‌ನಿಂದಲೋ ಪೆಟ್ರೋಲ್‌ನಿಂದಲೋ ಓಡೋ ಗಾಡಿಯಲ್ಲಿ ಅಷ್ಟು ದೊಡ್ಡ ಬ್ಯಾಟರಿ, ಅದನ್ನ ತುಂಬಿಸೋಕೆ ಒಂದು ಜನರೇಟರ್ ಯಾಕಿದೆ ಅಂತ ಯೋಚನೆ ಮಾಡಿದ್ದೀರಾ? ಬರೀ ದೀಪಕ್ಕೆ ಅಷ್ಟು ಬೇಕಾಗಿರಲಿಲ್ಲ. ಅದರ ಹಿಂದೆ ಚಾರ್ಲ್ಸ್ ಫ್ರಾಂಕ್ಲಿನ್ ಕೆಟರಿಂಗ್ ಅನ್ನೋ ಎಂಜಿನಿಯರ್ ಇದ್ದಾನೆ.

ಎಡಿಸನ್, ಟೆಸ್ಲಾ ಹೆಸರು ನಮಗೆಲ್ಲ ಬಾಯಿಪಾಠ. ಕೆಟರಿಂಗ್ ಹೆಸರು ನಮ್ಮ ಕಡೆ ಅಷ್ಟಾಗಿ ಕೇಳಿಬರೋದಿಲ್ಲ. ಅಮೆರಿಕದಲ್ಲಿ ಮಾತ್ರ ಆತನ ಹೆಸರಲ್ಲಿ ಒಂದು ಊರು, ಒಂದು ವಿಶ್ವವಿದ್ಯಾಲಯ, ನ್ಯೂಯಾರ್ಕಿನ ದೊಡ್ಡ ಕ್ಯಾನ್ಸರ್ ಸಂಸ್ಥೆ ಎಲ್ಲ ಇವೆ.

ಕಣ್ಣುನೋವಿನ ಹುಡುಗ

ಕೆಟರಿಂಗ್ ಹುಟ್ಟಿದ್ದು 1876ರ ಆಗಸ್ಟ್ 29ರಂದು, ಓಹಾಯೋ ರಾಜ್ಯದ ಲೌಡನ್‌ವಿಲ್ ಎಂಬ ಊರಿನ ಹತ್ತಿರ, ರೈತರ ಮನೆಯಲ್ಲಿ. ಚಿಕ್ಕಂದಿನಿಂದಲೇ ಕಣ್ಣು ಸರಿಯಿರಲಿಲ್ಲ. ಹೆಚ್ಚು ಓದಿದರೆ ತಲೆನೋವು. ಹೈಸ್ಕೂಲ್ ಮುಗಿಸಿ ಹಳ್ಳಿ ಶಾಲೆಗಳಲ್ಲಿ ಮೇಷ್ಟ್ರಾಗಿದ್ದ. ಆಮೇಲೆ ಓಹಾಯೋ ಸ್ಟೇಟ್ ಯೂನಿವರ್ಸಿಟಿಗೆ ಸೇರಿದ, ಆದರೆ ಕಣ್ಣಿನ ಕಾಟಕ್ಕೆ ಓದು ಅರ್ಧಕ್ಕೇ ಬಿಡಬೇಕಾಯ್ತು.

ಆಗ ಆತ ಸೇರಿದ್ದು ಟೆಲಿಫೋನ್ ಲೈನ್ ಎಳೆಯೋ ಕೆಲಸಕ್ಕೆ. ಕಂಬ ನೆಡೋದು, ತಂತಿ ಕಟ್ಟೋದು. ಆ ಬಯಲಿನ ಕೆಲಸದಲ್ಲಿ ಕಣ್ಣೂ ಸುಧಾರಿಸಿತು, ಕರೆಂಟಿನ ಬಗ್ಗೆ ಕುತೂಹಲವೂ ಬೆಳೆಯಿತು. ಮತ್ತೆ ಕಾಲೇಜಿಗೆ ಹೋಗಿ 1904ರಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಡಿಗ್ರಿ ಪಡೆದ. ಅಷ್ಟೊತ್ತಿಗೆ ವಯಸ್ಸು 27 ದಾಟಿತ್ತು. ಒಂದೆರಡು ವರ್ಷ ಹಿಂದೆ ಬಿದ್ದೆ ಅಂತ ಕೊರಗೋ ನಮ್ಮ ಗೆಳೆಯರು ಇದನ್ನ ಗಮನಿಸಬಹುದು.

ಗಲ್ಲಾಪೆಟ್ಟಿಗೆಯ ಪಾಠ

ಡಿಗ್ರಿ ಕೈಗೆ ಬಂದದ್ದೇ ಡೇಟನ್ ಊರಿನ ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಆಗಿನ ಗಲ್ಲಾ ಯಂತ್ರಗಳನ್ನ ಕೈಯಿಂದ ತಿರುಗಿಸಬೇಕಿತ್ತು. ಅದಕ್ಕೆ ಮೋಟಾರ್ ಕೂರಿಸೋ ಕೆಲಸ ಕೆಟರಿಂಗ್ ಪಾಲಿಗೆ ಬಂತು. ಲೆಕ್ಕದ ಪ್ರಕಾರ ಅಷ್ಟು ಬಲ ಕೊಡೋ ಮೋಟಾರ್ ಅಂದರೆ ಯಂತ್ರದೊಳಗೆ ಹಿಡಿಸೋದೇ ಇಲ್ಲ.

ಇಲ್ಲಿ ಆತ ಬೇರೆ ಥರ ಯೋಚಿಸಿದ. ಫ್ಯಾಕ್ಟರಿಯ ಮೋಟಾರ್ ದಿನವಿಡೀ ತಿರುಗಬೇಕು, ಹಾಗಾಗಿ ಬಿಸಿಯಾಗಿ ಸುಟ್ಟುಹೋಗದಂತೆ ದೊಡ್ಡದಾಗಿ ಕಟ್ಟುತ್ತಾರೆ. ಗಲ್ಲಾದ ಮೋಟಾರ್ ತಿರುಗಬೇಕಾಗಿರೋದು ಒಂದೆರಡು ಕ್ಷಣ. ಆಮೇಲೆ ಮುಂದಿನ ಗಿರಾಕಿ ಬರೋವರೆಗೂ ಸುಮ್ಮನೆ ಕೂತು ತಣ್ಣಗಾಗುತ್ತೆ. ಅಂದ್ಮೇಲೆ ಒಂದು ಪುಟ್ಟ ಮೋಟಾರಿಗೇ ಅದರ ಅಳತೆ ಮೀರಿ ಕರೆಂಟ್ ಕೊಟ್ಟರೆ ತಪ್ಪೇನು? ಎಷ್ಟು ಬಲ ಬೇಕು ಅನ್ನೋದರ ಜೊತೆಗೆ ಎಷ್ಟು ಹೊತ್ತು ಬೇಕು ಅಂತಲೂ ಕೇಳಿದ. ಪುಟ್ಟ ಮೋಟಾರ್ ಕೆಲಸ ಮಾಡಿತು. ಮುಂದೆ ಆತನಿಗೆ ಹೆಸರು ತಂದದ್ದು ಇದೇ ಪ್ರಶ್ನೆ.

ಹ್ಯಾಂಡಲ್ ಹೋಯ್ತು

ಅದೇ ಕಂಪನಿಯಲ್ಲಿದ್ದ ಎಡ್ವರ್ಡ್ ಡೀಡ್ಸ್ ಕೆಟರಿಂಗ್‌ನನ್ನು ಕಾರಿನ ಕಡೆ ಎಳೆದ. ಡೀಡ್ಸ್ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಸಂಜೆ, ರಾತ್ರಿ ಕೆಲಸ ಶುರುವಾಯ್ತು. ಕಂಪನಿಯ ಇನ್ನೂ ಕೆಲವರು ಡ್ಯೂಟಿ ಮುಗಿಸಿ ಬಂದು ಕೈಜೋಡಿಸ್ತಿದ್ರು. ಮೊದಲು ಬ್ಯಾಟರಿಯಿಂದ ನಡೆಯೋ ಇಗ್ನಿಷನ್ ತಯಾರಾಯ್ತು. ಕ್ಯಾಡಿಲಾಕ್ ಕಂಪನಿಯ ಹೆನ್ರಿ ಲೇಲೆಂಡ್ ಅದನ್ನ ಒಪ್ಪಿ ಕೊಂಡ. 1909ರಲ್ಲಿ ಡೆಲ್ಕೋ ಕಂಪನಿ ಹುಟ್ಟಿತು.

ಆಗ ಕಾರ್ ಸ್ಟಾರ್ಟ್ ಮಾಡಬೇಕಂದ್ರೆ ಮುಂದೆ ನಿಂತು ಹ್ಯಾಂಡಲ್ ಹೊಡೀಬೇಕು. ನಮ್ಮಲ್ಲೂ ಹಳೇ ಲಾರಿ, ಹಳೇ ಜೀಪ್ ಓಡಿಸಿದ ಹಿರಿಯರನ್ನ ಕೇಳಿ, ಆ ಕಷ್ಟ ಹೇಳ್ತಾರೆ. ಎಂಜಿನ್ ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯೋದು, ದವಡೆಗೆ ಬಡಿಯೋದು ಮಾಮೂಲಿಯಾಗಿತ್ತು. ಹ್ಯಾಂಡಲ್ ಇಲ್ಲದ ಕಾರು ಬೇಕು ಅಂತ ಲೇಲೆಂಡ್ ಕೇಳಿದ.

ಎಂಜಿನ್ ತಿರುಗಿಸೋ ಮೋಟಾರ್ ಹೆಚ್ಚೂಕಮ್ಮಿ ಎಂಜಿನ್ನಷ್ಟೇ ದೊಡ್ಡದಿರಬೇಕಾಗುತ್ತೆ ಅನ್ನೋದು ತಿಳಿದವರ ಮಾತಾಗಿತ್ತು. ಗಲ್ಲಾದ ಪಾಠ ಕಲಿತಿದ್ದ ಕೆಟರಿಂಗ್ ಅದನ್ನ ಒಪ್ಪಲಿಲ್ಲ. ಎಂಜಿನ್ ಹತ್ತಿಕೊಳ್ಳೋಕೆ ಬೇಕಾಗಿರೋದು ಕೆಲವೇ ಸೆಕೆಂಡು. 1911ರಲ್ಲಿ ಆತ ಕ್ಯಾಡಿಲಾಕ್‌ಗೆ ಕೊಟ್ಟ ವ್ಯವಸ್ಥೆ ಇವತ್ತು ನೋಡಿದರೂ ಜಾಣತನದ್ದು. ಒಂದೇ ಯಂತ್ರ, ಸ್ಟಾರ್ಟ್ ಮಾಡುವಾಗ ಮೋಟಾರ್, ಎಂಜಿನ್ ಓಡಲು ಶುರುವಾದ ಮೇಲೆ ಅದೇ ಜನರೇಟರ್ ಆಗಿ ಬ್ಯಾಟರಿ ತುಂಬಿಸುತ್ತೆ. ಸ್ಟಾರ್ಟ್ ಮಾಡುವಾಗ ಬ್ಯಾಟರಿಗಳು ಸೀರೀಸ್‌ನಲ್ಲಿ ಸೇರಿ 24 ವೋಲ್ಟ್, ಮಿಕ್ಕ ಹೊತ್ತು ಪ್ಯಾರಲಲ್‌ನಲ್ಲಿ 6 ವೋಲ್ಟ್. ವೋಲ್ಟೇಜ್ ಏರಿಸಿದರೆ ಅದೇ ಶಕ್ತಿಗೆ ಕರೆಂಟ್ ಕಡಿಮೆ ಸಾಕು, ತಂತಿಯಲ್ಲಿ ನಷ್ಟವೂ ಕಡಿಮೆ.

1912ರ ಕ್ಯಾಡಿಲಾಕ್ ಕಾರುಗಳು ಹ್ಯಾಂಡಲ್ ಹೊಡೆಯೋ ಕೆಲಸ ಇಲ್ಲದೆ ರಸ್ತೆಗೆ ಬಂದವು. ಕೆಲವೇ ವರ್ಷಗಳಲ್ಲಿ ಮಿಕ್ಕ ಕಂಪನಿಗಳೂ ಅದೇ ದಾರಿ ಹಿಡಿದವು. ತೋಳಿನ ಬಲ ಇಲ್ಲದವರೂ ಒಬ್ಬರೇ ಪೆಟ್ರೋಲ್ ಕಾರ್ ಓಡಿಸೋ ಹಾಗಾಯ್ತು. ಸುಲಭವಾಗಿ ಸ್ಟಾರ್ಟ್ ಆಗುತ್ತೆ ಅಂತಲೇ ಎಷ್ಟೋ ಜನ ಕೊಳ್ತಿದ್ದ ಅಂದಿನ ಎಲೆಕ್ಟ್ರಿಕ್ ಕಾರುಗಳಿಗೆ ಇದರಿಂದ ದೊಡ್ಡ ಪೆಟ್ಟು ಬಿತ್ತು. ವಿಚಿತ್ರ ನೋಡಿ, ಎಲೆಕ್ಟ್ರಿಕ್ ಕಾರನ್ನು ಹಿಂದೆ ಹಾಕಿದ್ದು ಒಂದು ಎಲೆಕ್ಟ್ರಿಕ್ ಮೋಟಾರೇ.

ಅದೇ ಪ್ರಶ್ನೆ, ನಮ್ಮ ಜೀಪಿಗೆ

ಇನ್ವರ್ಟರ್ ಆರಿಸೋಕೂ ಕೆಟರಿಂಗ್ ಪ್ರಶ್ನೆಯೇ ಬೇಕು. ಇನ್ವರ್ಟರ್ ಮೇಲೆ ಎರಡು ಅಂಕಿ ಇರುತ್ತೆ. ಒಂದು ಬಿಡುವಿಲ್ಲದೆ ಕೊಡೋ ವ್ಯಾಟ್, ಇನ್ನೊಂದು ಕ್ಷಣಮಾತ್ರ ಕೊಡೋ ಸರ್ಜ್ ವ್ಯಾಟ್. ಡಬ್ಬದ ಮೇಲೆ ದೊಡ್ಡಕ್ಷರದಲ್ಲಿ ಇರೋದು ಎಷ್ಟೋ ಸಲ ಎರಡನೆಯದು. 400 ವ್ಯಾಟಿನ ಡ್ರಿಲ್, 90 ವ್ಯಾಟಿನ ಲ್ಯಾಪ್‌ಟಾಪ್ ಒಟ್ಟಿಗೆ ನಡೀಬೇಕಂದ್ರೆ ಬಿಡುವಿಲ್ಲದ ಲೆಕ್ಕದಲ್ಲಿ 600 ವ್ಯಾಟಿನದು ಬೇಕು. ಡ್ರಿಲ್ ಶುರುವಾಗೋ ಕ್ಷಣದ ಎಳೆತಕ್ಕೆ ಸರ್ಜ್ ಅದರ ಎರಡರಷ್ಟಾದರೂ ಇರಲಿ. ಮೋಟಾರ್ ಇರೋ ಸಾಮಾನಿಗೆ ಪ್ಯೂರ್ ಸೈನ್ ವೇವ್ ಇನ್ವರ್ಟರ್ ಒಳ್ಳೆಯದು, ಅಗ್ಗದ ಮಾದರಿಯ ಚೌಕದಂಥ ಅಲೆಗೆ ಮೋಟಾರ್ ಹೆಚ್ಚು ಬಿಸಿಯಾಗುತ್ತೆ.

ಈಗ ತಂತಿಗೆ ಬನ್ನಿ. ನೂರಕ್ಕೆ 85ರಷ್ಟು ದಕ್ಷತೆ ಅಂದ್ಕೊಂಡ್ರೆ 600 ವ್ಯಾಟಿಗೆ 12 ವೋಲ್ಟ್ ಬ್ಯಾಟರಿಯಿಂದ ಸುಮಾರು 59 ಆಂಪಿಯರ್ ಬರಬೇಕು. ಸಿಗರೇಟ್ ಲೈಟರ್ ಸಾಕೆಟ್‌ನ ಫ್ಯೂಸ್ ಸಾಮಾನ್ಯವಾಗಿ 10ರಿಂದ 15 ಆಂಪಿಯರ್, ಅದು ಲ್ಯಾಪ್‌ಟಾಪಿಗೆ ಸಾಕು, ಡ್ರಿಲ್ಲಿಗೆ ಆಗಲ್ಲ. ನೇರ ಬ್ಯಾಟರಿಯಿಂದಲೇ ತಂತಿ ಎಳೀಬೇಕು. ಬ್ಯಾಟರಿ ಬಾನೆಟ್ ಕೆಳಗೆ, ಇನ್ವರ್ಟರ್ 3 ಮೀಟರ್ ಹಿಂದೆ ಇದ್ದರೆ ಹೋಗಿ ಬರೋ ದಾರಿ 6 ಮೀಟರ್. 6 ಚದರ ಮಿಲಿಮೀಟರಿನ ತಾಮ್ರದ ತಂತಿ ಹಾಕಿದರೆ 59 ಆಂಪಿಯರಿಗೆ ದಾರಿಯಲ್ಲೇ ಸುಮಾರು 1 ವೋಲ್ಟ್ ಹೋಯ್ತು. ಡ್ರಿಲ್ ಶುರುವಾಗುವಾಗ ಅದು 2 ವೋಲ್ಟ್ ಆಗುತ್ತೆ, ಬ್ಯಾಟರಿ ತುಂಬಿದ್ದರೂ ಇನ್ವರ್ಟರ್ ಕೀ ಕೀ ಅಂತ ಕೂಗಿ ಆಫ್ ಆಗುತ್ತೆ. ಇನ್ವರ್ಟರ್ ಕೆಟ್ಟಿದೆ ಅಂತ ಅಂಗಡಿಗೆ ವಾಪಸ್ ಒಯ್ಯೋರಿದ್ದಾರೆ, ಕೊರತೆ ಇರೋದು ತಂತಿಯಲ್ಲಿ. 16 ಚದರ ಮಿಲಿಮೀಟರ್ ಹಾಕಿದರೆ ನಷ್ಟ 0.4 ವೋಲ್ಟ್ ಆಸುಪಾಸಿಗೆ ಇಳಿಯುತ್ತೆ. ನೆಗೆಟಿವ್‌ಗೂ ಅಷ್ಟೇ ದಪ್ಪದ ತಂತಿಯನ್ನ ಬ್ಯಾಟರಿವರೆಗೂ ಎಳೆಯಿರಿ. ತುಕ್ಕು ಹಿಡಿದ ಬಾಡಿಯ ಜಾಯಿಂಟ್ ನಂಬೋ ಹಾಗಿಲ್ಲ.

ಪಾಸಿಟಿವ್ ತಂತಿಗೆ ಫ್ಯೂಸ್ ಇರಲೇಬೇಕು, ಅದೂ ಬ್ಯಾಟರಿಯಿಂದ ಒಂದು ಗೇಣಿನ ಒಳಗೆ. ಫ್ಯೂಸ್ ಕಾಯೋದು ತಂತಿಯನ್ನ. ಇನ್ವರ್ಟರ್ ಹತ್ತಿರ ಹಾಕಿದರೆ ನಡುವಿನ 3 ಮೀಟರ್ ತಂತಿಗೆ ಕಾವಲೇ ಇಲ್ಲ. ಕಲ್ಲುದಾರಿಯ ಕುಲುಕಾಟಕ್ಕೆ ತಂತಿ ಉಜ್ಜಿ ಸಿಪ್ಪೆ ಕಿತ್ತು ಬಾಡಿಗೆ ತಾಗಿದರೆ ಗಾಡಿಗೇ ಬೆಂಕಿ. ಎಂಜಿನ್ ಹಿಂದಿನ ತಗಡಿನಲ್ಲಿ ತಂತಿ ತೂರಿಸೋ ತೂತಿಗೆ ರಬ್ಬರ್ ಬಳೆ ಹಾಕಿ. ಇನ್ವರ್ಟರನ್ನು ಎಂಜಿನ್ ಬಿಸಿ, ನೀರು, ಕೆಸರು ತಾಗದ ಕಡೆ, ಗಾಳಿ ಆಡೋ ಹಾಗೆ ಬೋಲ್ಟ್ ಹಾಕಿ ಬಿಗಿಯಿರಿ. ಅದರಿಂದ ಬರೋ 230 ವೋಲ್ಟ್ ಮನೆಯ ಕರೆಂಟಿನಷ್ಟೇ ಅಪಾಯ, ಒದ್ದೆ ಕೈ ಬೇಡ.

ಕೊನೆಗೆ ಎಷ್ಟು ಹೊತ್ತು ಅನ್ನೋ ಪ್ರಶ್ನೆ. ಗಾಡಿಯ ಬ್ಯಾಟರಿ ಕೆಟರಿಂಗ್ ಕಾಲದಿಂದಲೂ ಕೆಲವು ಸೆಕೆಂಡು ಜೋರಾಗಿ ಕರೆಂಟ್ ಕೊಟ್ಟು, ಕೂಡಲೇ ಮತ್ತೆ ತುಂಬಿಸಿಕೊಳ್ಳೋ ಕೆಲಸಕ್ಕೆ ಇರೋದು. 60 ಆಂಪಿಯರ್-ಅವರ್ ಬ್ಯಾಟರಿಯಿಂದ 59 ಆಂಪಿಯರ್ ಎಳೆದರೆ ಪೂರ್ತಿ ಒಂದು ಗಂಟೆ ಕೂಡ ಬರೋದಿಲ್ಲ. ಇನ್ವರ್ಟರ್ ತಾನಾಗಿ ಆಫ್ ಆಗೋ ಹೊತ್ತಿಗೆ ಜೀಪ್ ಸ್ಟಾರ್ಟ್ ಆಗೋವಷ್ಟು ಚಾರ್ಜ್ ಉಳಿದಿರುತ್ತೆ ಅಂತಲೂ ಇಲ್ಲ. ಕಾಡಿನ ನಡುವೆ ಅದು ತಮಾಷೆಯಲ್ಲ. ಹೆಚ್ಚು ಕೆಲಸ ಇದ್ದರೆ ಎಂಜಿನ್ ಓಡ್ತಿರಲಿ, ಇಲ್ಲವೇ ಇನ್ವರ್ಟರಿಗೇ ಅಂತ ಬೇರೆ ಡೀಪ್ ಸೈಕಲ್ ಬ್ಯಾಟರಿ ಹಾಕಿ, ಎರಡರ ನಡುವೆ ಐಸೊಲೇಟರ್ ಕೂರಿಸಿ.

ಹಳ್ಳಿಗೆ ಬೆಳಕು, ಗಾಳಿಗೆ ಸೀಸ

ಮತ್ತೆ ಕೆಟರಿಂಗ್ ಕಥೆಗೆ ಬರೋಣ. ರೈತರ ಮನೆಯ ಹುಡುಗ ಊರು ಮರೆಯಲಿಲ್ಲ. ಅಮೆರಿಕದ ಹಳ್ಳಿಗಳಿಗೆ ಲೈನ್ ಕರೆಂಟ್ ಇನ್ನೂ ಬಂದಿರಲಿಲ್ಲ. 1916ರಲ್ಲಿ ಡೆಲ್ಕೋ-ಲೈಟ್ ಮಾರುಕಟ್ಟೆಗೆ ಬಂತು: ಒಂದು ಸಣ್ಣ ಎಂಜಿನ್, ಅದಕ್ಕೆ ಜನರೇಟರ್, ಜೊತೆಗೆ ಗಾಜಿನ ಜಾಡಿಗಳಲ್ಲಿ 32 ವೋಲ್ಟಿನ ಬ್ಯಾಟರಿ ಸಾಲು. ತೋಟದ ಮನೆಗಳಲ್ಲಿ ದೀಪ ಹತ್ತಿತು, ನೀರೆತ್ತೋ ಪಂಪ್ ತಿರುಗಿತು. ಡಿಸಿಯನ್ನ ಸುಲಭವಾಗಿ ಎಸಿ ಮಾಡೋ ಅಗ್ಗದ ಇನ್ವರ್ಟರ್ ಆಗ ಎಲ್ಲಿತ್ತು? ಬಲ್ಬು, ಇಸ್ತ್ರಿಪೆಟ್ಟಿಗೆ, ಮೋಟಾರ್ ಎಲ್ಲವನ್ನೂ 32 ವೋಲ್ಟಿಗೇ ಅಂತ ಮಾಡಬೇಕಾಯ್ತು.

ಈ ಕೆಲಸದಿಂದಲೇ ಆತನ ಬದುಕಿನ ಕಪ್ಪು ಅಧ್ಯಾಯವೂ ಶುರುವಾಯ್ತು. ಸೀಮೆಎಣ್ಣೆಯಲ್ಲಿ ಓಡುವಾಗ ಡೆಲ್ಕೋ-ಲೈಟ್ ಎಂಜಿನ್ ಟಕಟಕ ಬಡಿದುಕೊಳ್ತಿತ್ತು. ಕಾರುಗಳಲ್ಲೂ ಈ ನಾಕಿಂಗ್ ಇತ್ತು, ಅದಕ್ಕೆ ಕೆಟರಿಂಗ್‌ನ ಇಗ್ನಿಷನ್ನೇ ಕಾರಣ ಅಂತ ದೂರುವವರೂ ಇದ್ದರು. ಕಾರಣ ಹುಡುಕೋಕೆ ಆತ ಥಾಮಸ್ ಮಿಜ್ಲಿ ಎಂಬ ಯುವಕನನ್ನು ಹಚ್ಚಿದ. 1920ರಲ್ಲಿ ಕೆಟರಿಂಗ್ ಜನರಲ್ ಮೋಟಾರ್ಸ್‌ನ ಸಂಶೋಧನಾ ವಿಭಾಗದ ಮುಖ್ಯಸ್ಥನಾದ. 1921ರ ಡಿಸೆಂಬರ್‌ನಲ್ಲಿ ಉತ್ತರ ಸಿಕ್ಕಿತು. ಪೆಟ್ರೋಲಿಗೆ ಚಿಟಿಕೆಯಷ್ಟು ಟೆಟ್ರಾಈಥೈಲ್ ಲೆಡ್ ಬೆರೆಸಿದರೆ ಬಡಿತ ನಿಲ್ಲುತ್ತೆ. ಆಲ್ಕೋಹಾಲ್ ಬೆರೆಸಿದರೂ ನಾಕಿಂಗ್ ತಗ್ಗುತ್ತೆ ಅಂತ ಅವರಿಗೆ ಗೊತ್ತಿತ್ತು. ಕಂಪನಿ ಹಿಡಿದದ್ದು ಸೀಸದ ದಾರಿ.

ಸೀಸ ವಿಷ ಅನ್ನೋದು ಹೊಸ ವಿಷಯವಾಗಿರಲಿಲ್ಲ. 1924ರಲ್ಲಿ ಅದನ್ನ ಮಾರೋಕೆ ಈಥೈಲ್ ಕಂಪನಿ ಹುಟ್ಟಿತು, ಕೆಟರಿಂಗ್ ಅದರ ಮೊದಲ ಅಧ್ಯಕ್ಷ. ಅದೇ ಅಕ್ಟೋಬರ್‌ನಲ್ಲಿ ನ್ಯೂಜೆರ್ಸಿಯ ರಿಫೈನರಿಯೊಂದರಲ್ಲಿ ಇದನ್ನು ತಯಾರಿಸ್ತಿದ್ದ ಐದು ಜನ ಕಾರ್ಮಿಕರು ಬುದ್ಧಿ ಭ್ರಮಣೆಯಾಗಿ ಸತ್ತರು. ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಮೊದಲಾದವರು ಬಲವಾಗಿ ಎಚ್ಚರಿಸಿದರು. ಸ್ವಲ್ಪ ಕಾಲ ಮಾರಾಟ ನಿಂತಿತು, ಮತ್ತೆ ಶುರುವಾಯ್ತು. ಭಾರತದಲ್ಲಿ ಸೀಸದ ಪೆಟ್ರೋಲ್ ಹೋಗಿದ್ದು 2000ದಲ್ಲಿ, ಕೊನೆಯದಾಗಿ ಅಲ್ಜೀರಿಯಾದಲ್ಲಿ 2021ರಲ್ಲಿ. ಇಷ್ಟು ವರ್ಷದಲ್ಲಿ ಎಷ್ಟು ಮಕ್ಕಳ ಮೆದುಳಿಗೆ ಅದು ಸೇರಿತೋ!

ಮೋಟಾರಿಗೆ ಎಷ್ಟು ಹೊತ್ತು ಅಂತ ಕೇಳಿ ಗೆದ್ದವನು, ಸೀಸ ಗಾಳಿಯಲ್ಲಿ, ಮಣ್ಣಲ್ಲಿ, ರಕ್ತದಲ್ಲಿ ಎಷ್ಟು ಹೊತ್ತು ಉಳಿಯುತ್ತೆ ಅನ್ನೋದಕ್ಕೆ ತೂಕ ಕೊಡಲಿಲ್ಲ. ಆತನಿಗೆ ಜಾಣತನದ ಕೊರತೆ ಇರಲಿಲ್ಲ. ಎಂಜಿನ್ ಒಳಗಿನ ಸಮಸ್ಯೆಯನ್ನ ಎಷ್ಟು ಹಟದಿಂದ ನೋಡಿದನೋ, ಸೈಲೆನ್ಸರಿನ ಆಚೆಗಿನ ಸಮಸ್ಯೆಯನ್ನ ಅಷ್ಟು ನೋಡಲಿಲ್ಲ.

ಕೆಟರಿಂಗ್ 1947ರವರೆಗೂ ಜನರಲ್ ಮೋಟಾರ್ಸ್‌ನಲ್ಲಿದ್ದ. ರೈಲುಗಳಿಗೆ ಹೊಂದೋ ಹಗುರ ಡೀಸೆಲ್ ಎಂಜಿನ್ ಬೆಳೆದದ್ದು ಆತನ ಮುಂದಾಳತ್ವದಲ್ಲೇ. ಗಳಿಸಿದ ಹಣದಲ್ಲಿ ದೊಡ್ಡ ಪಾಲು ಶಿಕ್ಷಣಕ್ಕೆ, ವೈದ್ಯಕೀಯ ಸಂಶೋಧನೆಗೆ ಹೋಯ್ತು. 1958ರ ನವೆಂಬರ್ 25ರಂದು ಡೇಟನ್‌ನಲ್ಲಿ ತೀರಿಕೊಂಡ. ಆಗ ಆತನ ಹೆಸರಲ್ಲಿ 180ಕ್ಕೂ ಹೆಚ್ಚು ಪೇಟೆಂಟ್ ಇದ್ದವು.

ಕಣ್ಣು ಸರಿಯಿಲ್ಲದೆ ಕಾಲೇಜು ಬಿಟ್ಟ ಹುಡುಗ ಅಷ್ಟೆತ್ತರಕ್ಕೆ ಬೆಳೆದದ್ದು ನಮಗೆಲ್ಲ ಸ್ಫೂರ್ತಿ. ನಾಳೆ ನಾವೂ ಡಿಸೈನ್ ಮಾಡೋರೇ. ಸರ್ಜ್ ರೇಟಿಂಗ್ ಲೆಕ್ಕ ಹಾಕುವಾಗ ಆತನ ಪ್ರಶ್ನೆ ನೆನಪಿರಲಿ, ನಮ್ಮ ಯಂತ್ರದಿಂದ ಹೊರಗೆ ಹೋಗೋದು ಏನು ಅಂತ ನೋಡುವಾಗಲೂ ಅದೇ ಪ್ರಶ್ನೆ ನೆನಪಿರಲಿ.